ಅಕ್ಕ ಕೇಳಿದ ಚಾ

ಲೂರ್ದಮ್ಮ ಟೀ ಸೋಸುತ್ತಿದ್ದಳು. ಪಕ್ಕದ ಮನೆಯ ಹುಚ್ಚಮ್ಮ ಬಂದು ಲೋಟಕ್ಕೆ ಕೈ ಅಡ್ಡ ಹಿಡಿದಳು.

"ಯಾರ್ಗೆ ಕಣೇ ಟೀ? ಮನೇಲಿ ಹೆಣ ಐತೆ, ಒಲೆ ಹಚ್ಚಿದ್ದೀಯಲ್ಲ!"

"ಅಕ್ಕಂಗೆ," ಎಂದಳು ಲೂರ್ದಮ್ಮ. ಹೇಳಿದ ಮೇಲೆ ನಡುಮನೆಯತ್ತ ನೋಡಿದಳು. ಬಿಳಿ ಸೀರೆ ಉಡಿಸಿದ ಸೌರಿಯಮ್ಮ ಬೆಂಚಿನ ಮೇಲೆ ಮಲಗಿದ್ದಳು. ತಲೆಯ ಬಳಿ ಮೇಣದಬತ್ತಿ ಉರಿಯುತ್ತಿತ್ತು. ಹುಚ್ಚಮ್ಮ ಒಲೆ ಆರಿಸಿದಳು. ಲೂರ್ದಮ್ಮನಿಗೆ ಅಳು ಬರಲಿಲ್ಲ. ಬೆಳಗಿನಿಂದ ಅವಳ ಮೈ ಬೇರೆ ಯಾರದೋ ಮೈಯಂತೆ ಓಡಾಡುತ್ತಿತ್ತು.

ಜಗಲಿಯಲ್ಲಿ ಅಂಗಡಿ ಷಡಕ್ಷರಪ್ಪ ಕೇಳುತ್ತಿದ್ದ: "ಚೀನಾದ ಕಡೆ ಇದ್ರಂತಲ್ಲ, ಚರ್ಚಿನ ಸಿಸ್ಟ್ರೇನು?"

"ಸಿಸ್ಟರ್ ಅಲ್ಲ ಕಣ್ರೀ, ನಮ್ಮ ನಿಮ್ಮಂಗೇ ಇದ್ದೋರು," ಎಂದ ಲೂರ್ದಮ್ಮನ ಗಂಡ ಇನ್ನಾಸಪ್ಪ. "ತೈವಾನಲ್ಲಿ ಚೀನೀ ಜನದ ಮಧ್ಯ ಧರ್ಮಸೇವೆಗೆ ಹೋಗಿದ್ರು. ವಾಪಸ್ ಬಂದ್ಮೇಲೆ ಅರಸೀಕೇರೇಲಿ, ಅಲ್ಲಿಗೆ ಹೋಗೋರಿಗೆ ಟ್ರೈನಿಂಗ್ ಕೊಡ್ತಿದ್ರು."

"ಮದ್ವೆ?"

"ಇಲ್ಲ."

ಷಡಕ್ಷರಪ್ಪ ತಲೆಯಾಡಿಸಿದ.

* * *

ಅರಸೀಕೆರೆ ಚರ್ಚಿನ ಹಿಂದೆ ಅಕ್ಕ ಚೀನೀ ಭಾಷೆ ಕಲಿಸುತ್ತಿದ್ದ ಕೋಣೆಗೆ ಲೂರ್ದಮ್ಮ ಹೋದದ್ದು ಒಂದೇ ಸಲ. ಗೂಡ್ಸ್ ರೈಲು ಹಾಯುವಾಗಲೆಲ್ಲ ಪಾಠ ನಿಲ್ಲುತ್ತಿತ್ತು. ಅಂದು ಊಟದ ಹೊತ್ತಿಗೆ ಜೆಸಿಂತಾ ಎಂಬ ಹುಡುಗಿ ತಟ್ಟೆ ಮುಂದಿಟ್ಟುಕೊಂಡು ಅಳುತ್ತಿದ್ದಳು.

"ನನ್ನ ನಾಲಿಗೆ ತಿರುಗಲ್ಲ ಟೀಚರ್. ಅವರಿಗೆ ದೇವರ ವಿಷಯ ಹೆಂಗೆ ಹೇಳ್ಲಿ?"

"ಅದು ಆಮೇಲೆ. ಮೊದ್ಲು ಅವರ ಅಡುಗೆಮನೇಲಿ ನಿಂತು ಪಾತ್ರೆ ತೊಳಿ. ಜೊತೇಲಿ ಪಾತ್ರೆ ತೊಳೆದೋರ ಹತ್ರ ಜನ ತಾವಾಗೇ ಮಾತಾಡ್ತಾರೆ," ಎಂದಳು ಸೌರಿಯಮ್ಮ. ಆಮೇಲೆ ತಂಗಿಯತ್ತ ತಿರುಗಿ ನಕ್ಕಳು. "ಭಾಷೆ ಅಷ್ಟೇನೂ ಕಷ್ಟ ಇಲ್ಲ ಕಣೇ. ಅವರೂ ಟೀಗೆ ಚಾ ಅಂತಾರೆ."

ಜೆಸಿಂತಾ ತೈವಾನಿಗೆ ಹೋದಳು. ಅಲ್ಲಿಂದ ಭಾನುವಾರಗಳಂದು ಫೋನ್ ಮಾಡಿ ಅಳುತ್ತಿದ್ದಳು. ಸೌರಿಯಮ್ಮ ಈ ಕಡೆಯಿಂದ ಬೈಯುತ್ತಿದ್ದಳು, ನಗಿಸುತ್ತಿದ್ದಳು.

ಹೋದ ವರ್ಷ ಸೌರಿಯಮ್ಮನಿಗೆ ಲಕ್ವ ಹೊಡೆಯಿತು. ಬಲಗೈಯ ಜೊತೆಗೆ ಕನ್ನಡವೂ ಹೋಯಿತು. ಉಳಿದದ್ದು ಚೀನೀ ಭಾಷೆಯ ಒಂದಷ್ಟು ಮಾತು. ಲೂರ್ದಮ್ಮ ಜಾವಗಲ್ಲಿನ ತನ್ನ ಮನೆ ಬಿಟ್ಟು, ಅಕ್ಕನನ್ನು ನೋಡಿಕೊಳ್ಳಲು ಹಳೇಬೀಡಿನ ತವರಿಗೆ ಬಂದಳು. ಸಂಜೆಯಾದರೆ ಅಕ್ಕ ಎಡಗೈ ಎತ್ತಿ "ಹ್ವೇ ಚ್ಯಾ" ಎನ್ನುತ್ತಿದ್ದಳು. ಅಟ್ಟಣಿಗೆಯ ಮೇಲಿನ ಟೀಪುಡಿ ಡಬ್ಬಿಯನ್ನೇ ತೋರಿಸುತ್ತಿದ್ದಾಳೆ ಅಂದುಕೊಂಡ ಲೂರ್ದಮ್ಮ ಟೀ ಕಾಯಿಸಿ ಚಮಚದಲ್ಲಿ ಕುಡಿಸುತ್ತಿದ್ದಳು.

* * *

ಸಮಾಧಿಗೆ ಮಣ್ಣು ಹಾಕಿ ಎಲ್ಲರೂ ಕೈ ತೊಳೆಯುವ ಹೊತ್ತಿಗೆ ಜೆಸಿಂತಾ ಓಡಿಬಂದಳು. ರಜೆಗೆಂದು ಅರಸೀಕೆರೆಗೆ ಬಂದವಳಿಗೆ ಸುದ್ದಿ ಮುಟ್ಟಿದ್ದು ತಡವಾಗಿತ್ತು. ಹಸಿಮಣ್ಣಿನ ಮೇಲೆ ತಲೆಯಿಟ್ಟು ಬಹಳ ಹೊತ್ತು ಅತ್ತಳು. ಅವಳು ಎದ್ದ ಮೇಲೆ ಲೂರ್ದಮ್ಮ ಕೇಳಿದಳು:

"ಅವರ ಮಾತಲ್ಲಿ ಹ್ವೇ ಚ್ಯಾ ಅಂದ್ರೆ ಟೀ ಅಲ್ವೇನಮ್ಮ?"

"ಅಲ್ಲ ಚಿಕ್ಕಮ್ಮ. ಮನೆಗೆ ಹೋಗೋದು ಅಂತ."

ಲೂರ್ದಮ್ಮ ಸಮಾಧಿಯನ್ನು ನೋಡಿದಳು. "ಮನೇಲೇ ಇದ್ಲಲ್ಲ. ಹುಟ್ಟಿದ ಮನೇಲೇ."

ಜೆಸಿಂತಾ ಕಣ್ಣೊರೆಸಿಕೊಂಡಳು. "ಹೇಳುವಾಗ ಕೈ ಎತ್ತುತ್ತಿದ್ರಾ? ಮೇಲಕ್ಕೇರಿಸಿ ಅಲ್ಲೇ ನಿಲ್ಲಿಸಿ?"

"ಹೂಂ."

"ಅವರ ಮಾತಲ್ಲಿ ದನಿ ಬದಲಾದ್ರೆ ಅರ್ಥವೂ ಬದಲಾಗುತ್ತೆ. ದನಿ ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು ಅಂತ ನಮಗೆ ಹಂಗೇ ಹೇಳಿಕೊಡ್ತಿದ್ರು. ಪರದೇಶದಲ್ಲಿ ದಾರಿ ತಪ್ಪಿದ್ರೆ ಬೇಕಾಗುತ್ತೆ ಅಂತ ಮೊದಲ್ನೇ ದಿನ ಹ್ವೇ ಚ್ಯಾನೇ ಪಾಠ. ನಾವು ತಿರುಗಿ ಹೇಳೋವರ್ಗೂ ಕೈ ಇಳಿಸ್ತಿರ್ಲಿಲ್ಲ."

"ಇವಳದ್ದೂ ಇಳೀತಿರ್ಲಿಲ್ಲ," ಎಂದಳು ಲೂರ್ದಮ್ಮ. "ನೋಯುತ್ತೇನೋ ಅಂತ ನಾನೇ ಹಿಡಿದು ಇಳಿಸ್ತಿದ್ದೆ. ಮನೆಗೆ ಕರ್ಕೊಂಡು ಹೋಗು ಅಂತಿದ್ಲೋ, ನಂಗೂ ಪಾಠ ಹೇಳ್ತಿದ್ಲೋ?"

"ಗೊತ್ತಿಲ್ಲ ಚಿಕ್ಕಮ್ಮ."

"ಟೀ ಕುಡೀತಿದ್ಲು," ಎಂದಳು ಲೂರ್ದಮ್ಮ. "ಕುಡಿದು ನನ್ನ ಮುಖಾನೇ ನೋಡ್ತಿದ್ಲು."

ಜೆಸಿಂತಾ ಅವಳನ್ನು ತಬ್ಬಿಕೊಂಡಳು. ಲೂರ್ದಮ್ಮ ಮರದಂತೆ ನಿಂತಿದ್ದಳು.

"ಊರಲ್ಲಿ ಎಮ್ಮೆ ಕರ ಹಾಕೋ ಹಂಗೈತೆ, ನಡಿ," ಎಂದ ಇನ್ನಾಸಪ್ಪ. "ಮೂರನೇ ದಿನದ ಪೂಜೆಗೆ ಮತ್ತೆ ಬರೋಣ."

ಬಸ್ಸು ಕಿಕ್ಕಿರಿದಿತ್ತು. ಇನ್ನಾಸಪ್ಪ ಹಿಂದೆ ನಿಂತ. ಲೂರ್ದಮ್ಮನಿಗೆ ಮುಂದೆ ಒಂದು ಸೀಟು ಸಿಕ್ಕಿತು.

"ಎಲ್ಲಿಗಮ್ಮ?" ಎಂದ ಕಂಡಕ್ಟರ್.

ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ. ಹಿಂದಿನಿಂದ ಇನ್ನಾಸಪ್ಪ "ಜಾವಗಲ್ ಎರಡು" ಎಂದು ಕೂಗಿದ. ಕಂಡಕ್ಟರ್ ಟಿಕೆಟ್ ಹರಿದು ಅವಳ ಅಂಗೈಯಲ್ಲಿಟ್ಟು ಮುಂದೆ ಸರಿದ. ಬಸ್ಸು ಕೆರೆಯ ಬದಿಗೆ ಬಂದಾಗ ಗಾಳಿ ನುಗ್ಗಿತು. ಅವಳ ಅಂಗೈ ಇನ್ನೂ ತೆರೆದೇ ಇತ್ತು. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸು ಟಿಕೆಟ್ ಹಾರದಂತೆ ಲೂರ್ದಮ್ಮನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿದಳು.