ಒಂದೇ ತಲೆಯ ಬೀದಿ

ನಮ್ಮ ಬೀದಿಯ ಕ್ಷೌರದಂಗಡಿಯ ಚಿಕ್ಕಪ್ಪನಿಗೆ ಬರುತ್ತಿದ್ದುದು ಒಂದೇ ಕಟಿಂಗ್. ಮದುಮಗ ಬಂದು ಕೂತರೂ ಅದೇ, ಪೊಲೀಸಿನವ ಬಂದು ಕೂತರೂ ಅದೇ. ಎರಡು ಕನ್ನಡಿ ಇಟ್ಟುಕೊಂಡು ತನ್ನ ತಲೆಗೂ ಅದನ್ನೇ ಮಾಡಿಕೊಳ್ಳುತ್ತಿದ್ದ. ಹಿಂದಿನಿಂದ ನೋಡಿದರೆ ಇಡೀ ಬೀದಿಯೇ ಒಂದೇ ತಾಯಿಯ ಮಕ್ಕಳು. ನಾಯಿಗಳು ಕೂಡ ಮುಂದೆ ಬಂದು ಮುಖ ನೋಡಿ, ಯಜಮಾನನೇ ಎಂದು ಖಾತ್ರಿಯಾದ ಮೇಲೆ ಬಾಲ ಅಲ್ಲಾಡಿಸುತ್ತಿದ್ದವು.

ಅಂಗಡಿ ಅವನ ಅಣ್ಣನ ಮಗಳದ್ದು. ಎದುರಿಗೆ ಹೊಸ ಸಲೂನ್ ಬಂದಮೇಲೆ ಹುಡುಗರೆಲ್ಲ ಅತ್ತ ಹಾರಿದರು. ಚಿಕ್ಕಪ್ಪನ ಕುರ್ಚಿಯಲ್ಲಿ ಬೆಕ್ಕು ಮಲಗತೊಡಗಿತು. ಅವನು ಹೊಸದೇನೂ ಕಲಿಯದಿದ್ದರೆ ಆ ಕುರ್ಚಿಯನ್ನು ಬೇರೆಯವರಿಗೆ ಕೊಡಲೇಬೇಕಿತ್ತು. ಆದರೆ ತನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನಿಗೆ ಹಾಗೆನ್ನಲು ಅವಳಿಗೆ ಬಾಯಿ ಬರಲಿಲ್ಲ.

ಗೋಡೆಗೆ ಹೊಸ ಕಟಿಂಗುಗಳ ಚಿತ್ರ ಅಂಟಿಸಿದಳು. ಅವನು ಅದರ ಮೇಲೆ ಟವೆಲ್ ನೇತುಹಾಕಿದ. ತರಬೇತಿಗೆ ಕಳಿಸಿದಳು. ಹೋದವನು ಕಲಿಸುವ ಮೇಷ್ಟ್ರ ತಲೆಗೇ ತನ್ನ ಕಟಿಂಗ್ ಮಾಡಿ ಬಂದ.

"ಚಿಕ್ಕಪ್ಪ, ಹೊಸದು ಕಲಿತ್ರೆ ಕೈ ಏನು ಸವೆದುಹೋಗುತ್ತಾ?"

"ದೇವರು ಇನ್ನೂ ಹಳೇ ಥರದ ತಲೇನೇ ಕಳಿಸ್ತಿದಾನೆ ಪುಟ್ಟಿ. ಅವನು ಬದಲಾಯಿಸ್ಲಿ, ನಾನೂ ಬದಲಾಯಿಸ್ತೀನಿ."

ಒಂದು ಮಧ್ಯಾಹ್ನ ಚಿಕ್ಕಮ್ಮ ಧುಮುಗುಡುತ್ತ ಬೀದಿಗೆ ಬಂದಳು. ಅಡುಗೆಮನೆಯ ಸಿಂಕಿನ ಪೈಪು ತಿಂಗಳಿಂದ ಸೋರುತ್ತಿತ್ತು. ಕಟ್ಟೆಯ ಮೇಲೆ ಬೆನ್ನು ಹಾಕಿ ಕೂತ ತಲೆ ಕಂಡದ್ದೇ ತಡ, ಶುರುವಾಯಿತು.

"ನೀವಿಲ್ಲಿ ಹರಟೆ ಹೊಡೀತಾ ಇರಿ, ಅಲ್ಲಿ ಮನೆ ತೇಲಿಹೋಗ್ಲಿ. ಏಳ್ರಿ ಮೇಲೆ."

ಆ ತಲೆ ಚಿಕ್ಕಪ್ಪನದಲ್ಲ, ಬೀದಿಯ ದರ್ಜಿಯದ್ದು. ಮನೆಯಲ್ಲೂ ಅವನಿಗೆ ಇದೇ ರಾಗ ಅಭ್ಯಾಸ. ಹಿಂತಿರುಗಿ ನೋಡುವ ಧೈರ್ಯ ಮಾಡದೆ ಎದ್ದ, ಅವಳು ಹಿಂದಿನಿಂದ ನೂಕಿದತ್ತ ನಡೆದ, ಸಿಂಕಿನ ಕೆಳಗೆ ತೂರಿ ಪೈಪು ಬಿಗಿಮಾಡಿದ.

ಅಷ್ಟರಲ್ಲಿ ಚಿಕ್ಕಪ್ಪ ಊಟಕ್ಕೆ ಬಂದ. "ಇದ್ಯಾರೇ?"

ಚಿಕ್ಕಮ್ಮ ಒಮ್ಮೆ ಈ ತಲೆ ನೋಡಿದಳು, ಒಮ್ಮೆ ಆ ತಲೆ ನೋಡಿದಳು. ತಬ್ಬಿಬ್ಬಾದದ್ದು ಒಂದೇ ಗಳಿಗೆ.

"ಯಾರಾದ್ರೂ ಆಗ್ಲಿ. ಹೇಳಿದ ತಕ್ಷಣ ರಿಪೇರಿ ಮಾಡಿದ್ರು. ಎರಡೂ ತಲೆ ಒಂದೇ ಥರ ಇದ್ಮೇಲೆ, ಕೆಲಸಕ್ಕೆ ಬರೋ ತಲೇನೇ ಇಟ್ಕೋತೀನಿ."

ಚಿಕ್ಕಪ್ಪ ಊಟ ಮರೆತು ಅಂಗಡಿಗೆ ಓಡಿದ. ಟವೆಲ್ ಕಿತ್ತೆಸೆದ.

"ಪುಟ್ಟಿ, ಈ ಚಿತ್ರದಲ್ಲಿರೋದು ಹೇಗೆ ಮಾಡೋದು? ಮೊದಲು ದರ್ಜಿ ತಲೆ ಮೇಲೆ ಕಲೀತೀನಿ."

ಈಗ ಅವನ ಮುಂದಿನ ಸಾಲು ಎಷ್ಟು ಉದ್ದವೆಂದರೆ, ಬೋಳಿಸಿಕೊಂಡು ಬಂದು ತುದಿಯಲ್ಲಿ ನಿಂತವನಿಗೂ ಸರದಿ ಬರುವಷ್ಟರಲ್ಲಿ ಜಡೆ ಹಾಕುವಷ್ಟು ಕೂದಲು ಬೆಳೆದಿರುತ್ತದೆ. ಬೆಕ್ಕು ಎದುರಿನ ಸಲೂನಿಗೆ ಮನೆ ಬದಲಾಯಿಸಿದೆ. ಕಷ್ಟವೆಲ್ಲ ಅಣ್ಣನ ಮಗಳದ್ದು. ಅವಳು ಕತ್ತರಿ ಹಿಡಿದರೆ ಸಾಕು, ಪಕ್ಕದ ಕುರ್ಚಿಯಿಂದ ಮಾತು ಬರುತ್ತದೆ:

"ಅದೇ ಹಳೇದು ಎಷ್ಟು ದಿನ ಮಾಡ್ತೀಯ ಪುಟ್ಟಿ? ಏನಾದ್ರೂ ಹೊಸದು ಕಲಿಯೇ."