ಬರಿಗಾಲಿನ ಮೇಸ್ತ್ರಿ

ತಾವು ಹಾಸಿದ ದಾರಿಯ ಮೇಲೆ ಮೇಸ್ತ್ರಿ ಚಪ್ಪಲಿ ಕಳಚಿ, ಕಣ್ಣು ಮುಚ್ಚಿಕೊಂಡು ನಡೆಯುತ್ತಿದ್ದರು. ಕರೆಂಟು ಹೋದ ಮನೆಯಲ್ಲಿ ಬೆಂಕಿಪೊಟ್ಟಣ ಹುಡುಕುವವರಂತೆ, ಒಂದೊಂದೇ ಹೆಜ್ಜೆಯನ್ನು ಊರಿ, ತೂಗಿ, ಮತ್ತೆ ಊರಿ. ಯಾರೋ ವಕೀಲರು ಕೊಟ್ಟಿದ್ದ ಕರಿಯ ಕೋಟನ್ನು ಅವರು ಸುಡುಬಿಸಿಲಿನಲ್ಲೂ ಬಿಟ್ಟವರಲ್ಲ. ಅದರ ಒಂದು ಜೇಬಿನಲ್ಲಿ ದಾರದುಂಡೆ, ಇನ್ನೊಂದರಲ್ಲಿ ಮಟ್ಟ ನೋಡುವ ರಸಮಟ್ಟ. ಸದಾ ಮಂಡಿಯೂರಿ ದುಡಿಯುವುದರಿಂದ ಅಂಚೆಲ್ಲ ಸಿಮೆಂಟಿನ ಬೂದಿಬಣ್ಣ.

ಅವರನ್ನು ಕರೆಸಿದ್ದು ನನ್ನ ಅಕ್ಕನಿಗಾಗಿ. ಎರಡು ವರ್ಷದ ಹಿಂದೆ ನಮ್ಮ ಅಂಗಳದ ಹಳೆಯ ಚಪ್ಪಡಿಯೊಂದರ ಅಂಚು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವಳು, ಅಂದಿನಿಂದ ಹೊಸ್ತಿಲು ದಾಟಿರಲಿಲ್ಲ. ಈಗ ಇದ್ದಕ್ಕಿದ್ದಂತೆ, ಭಾನುವಾರ ವಾಕರ್ ಹಿಡಿದು ಗೇಟಿನವರೆಗೆ ಹೋಗುತ್ತೇನೆ, ಯಾರೂ ಕೈ ಹಿಡಿಯಕೂಡದು ಎಂದು ಹಟ ಹಿಡಿದಿದ್ದಳು. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟವೆಂದು ವೈದ್ಯರು ಹೇಳಿದ್ದರು. ಏಳುವ ಮನಸ್ಸನ್ನೇ ಮಾಡಲಾರಳೆಂದು ನನಗೆ ಗೊತ್ತಿತ್ತು. ಗೇಟಿನವರೆಗಿನ ದಾರಿಯನ್ನು ಬೇಗ ಮುಗಿಸಿಕೊಡಿ ಎಂದೆ ಮೇಸ್ತ್ರಿಗೆ.

“ಅವಸರ ಇದೆಯಾ ಸಾರ್? ಹಾಗಾದ್ರೆ ನಿಧಾನ ಮಾಡೋಣ,” ಎಂದರು ಮೇಸ್ತ್ರಿ.

ಅಗೆದರು, ಜಲ್ಲಿ ತುಂಬಿದರು, ದಿಮ್ಮಸು ಹಾಕಿ ಗಟ್ಟಿ ಮಾಡಿದರು, ಮೇಲೆ ಮರಳು ಹರಡಿ ಉದ್ದನೆಯ ಪಟ್ಟಿಯಿಂದ ಎಳೆದು ಕನ್ನಡಿಯಂತೆ ಮಟ್ಟ ಮಾಡಿದರು. ಹೊರಡುವಾಗ ಒಂದೇ ಮಾತು: “ಮರಳಿನ ಮೇಲೆ ಕಾಲಿಡಬೇಡಿ. ದೇವರೇ ಬಂದ್ರೂ ಸುತ್ಕೊಂಡು ಬರ್ಲಿ.” ಆದರೆ ಅಕ್ಕನಿಗೆ ಎಷ್ಟು ಹೆಜ್ಜೆಯಾದೀತೆಂದು ಎಣಿಸುವ ಆಸೆ ತಡೆಯಲಾರದೆ, ನಾನು ಆ ಸಂಜೆ ಅದರ ಮೇಲೇ ನಡೆದು ನೋಡಿದೆ. ಗುರುತುಗಳಿಗೆ ಅಂಗೈಯಿಂದ ಮರಳು ಸವರಿ, ಬುದ್ಧಿವಂತನೆಂದುಕೊಂಡು ಮಲಗಿದೆ.

ಶನಿವಾರ ಮಧ್ಯಾಹ್ನಕ್ಕೆ ಮರಳಿನ ಮೇಲೆ ಸಿಮೆಂಟ್ ಬ್ಲಾಕುಗಳೆಲ್ಲ ಕೂತು, ಮೇಲಿನ ದಿಮ್ಮಸೂ ಮುಗಿದಿತ್ತು. ಮೇಸ್ತ್ರಿ ಕಣ್ಣು ಮುಚ್ಚಿ ಹೊರಟವರು ದಾರಿಯ ನಡುವೆ ಗಕ್ಕನೆ ನಿಂತರು.

“ಇಲ್ಲಿ ಯಾರೋ ನಡೆದಿದ್ದಾರೆ. ಒಂದು ಬ್ಲಾಕ್ ತಗ್ಗಿದೆ, ಪಕ್ಕದ್ದು ತಗ್ಗಿಲ್ಲ.”

“ಕೂದಲೆಳೆಯಷ್ಟು, ಬಿಡಿ ಮೇಸ್ತ್ರಿ.”

“ನಿಮ್ಮ ಕಾಲಿಗೆ ಕೂದಲೆಳೆ. ವಾಕರ್ ಕಾಲಿಗೆ ಅದೇ ಹೊಸ್ತಿಲು.”

ನಡೆದವನು ನಾನೇ ಎಂದು ಒಪ್ಪಿಕೊಂಡೆ. ಬೈಯಬಹುದಿತ್ತು, ಬೈಯಲಿಲ್ಲ. “ಬನ್ನಿ, ತೆಗೆಯೋಕೂ ಕೈ ಬೇಕು,” ಎಂದು ನನ್ನನ್ನೂ ಮಂಡಿಯೂರಿಸಿ, ಹದಿಮೂರು ಸಾಲು ಕಿತ್ತು, ಮರಳನ್ನು ಮತ್ತೆ ಎಳೆದು, ದೀಪ ಹಚ್ಚುವ ಹೊತ್ತಿಗೆ ಕೊನೆಯ ಬ್ಲಾಕನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಿದರು. ಮತ್ತೆ ಚಪ್ಪಲಿ ಕಳಚಿದರು. ಈ ಸಲ ಎಲ್ಲೂ ನಿಲ್ಲಲಿಲ್ಲ.

ಭಾನುವಾರ ಅವರು ಬರಬೇಕಾದ ಕೆಲಸವೇನೂ ಇರಲಿಲ್ಲ. ಆದರೂ ಅದೇ ಕೋಟಿನಲ್ಲಿ ಬಂದು, ಅಕ್ಕನ ಮುಂದೆ ಬರಿಗಾಲಿನಲ್ಲಿ ಹಿಮ್ಮುಖವಾಗಿ ನಡೆಯತೊಡಗಿದರು. ನೋಟವೆಲ್ಲ ವಾಕರಿನ ನಾಲ್ಕು ಕಾಲುಗಳ ಮೇಲೆ. ನನ್ನ ಕೈ ತಾನಾಗಿ ಮುಂದೆ ಹೋಯಿತು.

“ಕೈ ತೆಗಿಯೋ,” ಎಂದು ಗದರಿದಳು ಅಕ್ಕ.

ನಾನು ಕೆಡಿಸಿದ್ದ ಜಾಗಕ್ಕೆ ಬಂದವಳೇ ನಿಂತುಬಿಟ್ಟಳು. ನಾನು ಬಗ್ಗಿ ವಾಕರಿನ ಕಾಲು ನೋಡಿದೆ. ಅವಳು ಮಾತ್ರ ತಲೆಯೆತ್ತಿ ಬೀದಿಯಾಚೆ ನೋಡುತ್ತಿದ್ದಳು.

“ಎದುರು ಮನೆಗೆ ಯಾವಾಗ ಬಣ್ಣ ಹೊಡೆಸಿದ್ರೋ? ಒಬ್ರೂ ಹೇಳ್ಲಿಲ್ವಲ್ಲ ನನಗೆ!”

ಹಾಗೆಂದು ಗೇಟಿನವರೆಗೂ ಅದನ್ನೇ ನೋಡುತ್ತ ನಡೆದಳು. ಮೇಸ್ತ್ರಿ ಪಕ್ಕಕ್ಕೆ ಸರಿದು ಚಪ್ಪಲಿ ಮೆಟ್ಟಿಕೊಂಡರು. ಅಂದಿನಿಂದ ನನಗೆ ಅನ್ನಿಸುತ್ತದೆ: ತಮ್ಮ ಕೈಕೆಲಸವನ್ನು ಎಲ್ಲರಿಗಿಂತ ಮೊದಲು ತಾವೇ ಸಂಶಯಿಸುವ ಇಂಥ ಕೆಲವರು ಲೋಕದಲ್ಲಿ ಇರುವುದರಿಂದಲೇ, ಉಳಿದವರು ನೆಲ ನೋಡದೆ, ತಲೆಯೆತ್ತಿ ನಡೆಯುತ್ತಾರೆ.