ಟವೆಲ್ಲಿನ ಕೆಳಗಿನ ಕೈ

ಟೆನಿಸ್ ಬಲೆಗೆ ಹದಿನಾಲ್ಕು ರೂಪಾಯಿ, ಚೆಂಡುಗಳಿಗೆ ವರ್ಷಕ್ಕೆ ಮೂವತ್ತು, ಅಂಗಳಕ್ಕೆ ನೀರು ಹೊಡೆಯುವವನಿಗೆ ತಿಂಗಳಿಗೆ ಐದು. ಓಟದ ತಂಡಕ್ಕೆ ಗೆರೆ ಎಳೆಯುವ ಸುಣ್ಣ ಎರಡಾಣೆ, ಬಡಗಿ ಮಾಡಿಕೊಟ್ಟ ರಿಲೇ ಕೋಲು ನಾಲ್ಕಾಣೆ. ಆದರೂ ೧೯೩೮ರಲ್ಲಿ ನಮ್ಮ ಆದವಾನಿ ಕ್ಲಬ್ಬಿನ ಕಾರ್ಯದರ್ಶಿ ಪಂಚಾಕ್ಷರಯ್ಯನವರ ಕಣ್ಣಿಗೆ ದುಬಾರಿಯಾಗಿ ಕಂಡದ್ದು ಈ ಆರಾಣೆಯೇ.

“ಮೂರು ವರ್ಷದಿಂದ ಬಳ್ಳಾರಿಯವ್ರ ಮುಂದ ಸೋಲ್ತೀರಿ, ಮಲ್ಲಯ್ಯ,” ಎಂದರು ನನಗೆ. “ಈ ಸಲನೂ ರಿಲೇ ಸೋತ್ರ ಓಟದ ತಂಡ ಮುಚ್ಚಿಬಿಡೂಣು. ಟೆನಿಸ್ ಐತಿ, ಕೇರಂ ಐತಿ, ಸಾಕು.”

ನಾನು ಹತ್ತಿ ದಲಾಲಿ. ಹರೆಯದಲ್ಲಿ ಓಡುತ್ತಿದ್ದೆನೆಂದು ತಂಡವನ್ನು ನನ್ನ ಕೊರಳಿಗೆ ಕಟ್ಟಿದ್ದರು. ತಂಡ ಮುಚ್ಚಿದರೆ ಹತ್ತಿ ವರ್ತಕರ ಮಕ್ಕಳು ಹಾಲಸ್ವಾಮಿ, ಮರಿಬಸಪ್ಪ, ಇನ್ನೊಬ್ಬ, ಮೂವರೂ ಬೇರೆ ಆಟಕ್ಕೆ ಹೋಗುತ್ತಾರೆ. ಜಂಬಪ್ಪ ಎಲ್ಲಿಗೆ ಹೋಗಬೇಕು? ನಂದವರಂ ಕಡೆಯ ಕುರಿಗಾರರ ಮನೆಯ ಹುಡುಗ. ಹತ್ತಿ ಒತ್ತಿ ಕಟ್ಟುವ ಪ್ರೆಸ್ಸಿನಲ್ಲಿ ಬೇಲು ಹೊರುತ್ತಿದ್ದ. ಒಂದು ಟೆನಿಸ್ ಬ್ಯಾಟಿನ ದುಡ್ಡು ಅವನ ಮೂರು ತಿಂಗಳ ಕೂಲಿ. ಕ್ಲಬ್ಬಿನ ಗೇಟು ಅವನಿಗೆ ತೆರೆದದ್ದು ಕಾಲಿನ ಬಲದಿಂದ ಮಾತ್ರ, ಅದೂ ಹಿಂದಿನ ಗೇಟು.

ನಮ್ಮವರ ಕಾಲಿನಲ್ಲಿ ತಪ್ಪಿರಲಿಲ್ಲ. ಕೋಲು ಕೈ ಬದಲಾಗುವ ಕಡೆ ತಪ್ಪಿತ್ತು. ತೆಗೆದುಕೊಳ್ಳುವವನು ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಿದ್ದ; ಅಷ್ಟರಲ್ಲಿ ಬಳ್ಳಾರಿಯವನು ದಾಟಿಹೋಗುತ್ತಿದ್ದ. ನೋಡಬೇಡಿ ಎಂದರೆ ಕೋಲು ನೆಲಕ್ಕೆ ಬೀಳುತ್ತಿತ್ತು.

ಒಂದು ಬೆಳಿಗ್ಗೆ ಮಾರುಕಟ್ಟೆಯಲ್ಲಿ ವ್ಯಾಪಾರಕ್ಕೆ ಕೂತಿದ್ದೆ. ಅಲ್ಲಿ ನಾವು ಹತ್ತಿಯ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹಾಕಿ, ಕೆಳಗೆ ಬೆರಳು ಹಿಡಿದು ಹೇಳುತ್ತೇವೆ. ಕಣ್ಣು ಎದುರಿನವನ ಮುಖದ ಮೇಲೆ. ಕೈ ತನ್ನ ಕೆಲಸ ತಾನು ಮಾಡುತ್ತದೆ. ದರ ಒಪ್ಪಿಗೆಯಾದರೆ ಗಟ್ಟಿಯಾಗಿ ಒತ್ತಬೇಕು. ಅವತ್ತು ಕೈ ಒತ್ತಿ ಎದ್ದವನು ನೇರ ಮೈದಾನಕ್ಕೆ ನಡೆದೆ.

ನಾಲ್ವರನ್ನೂ ಒಬ್ಬನ ಹಿಂದೆ ಒಬ್ಬನಂತೆ ಕೂಡಿಸಿ, ಹಿಂದಕ್ಕೆ ಚಾಚಿದ ಕೈಯ ಮೇಲೆ ಟವೆಲ್ ಹೊದಿಸಿದೆ.

“ಮಾವಾ, ಓಟ ಕಲಿಸ್ತೀಯೋ, ಹತ್ತಿ ಮಾರ್ತೀಯೋ?” ಹಾಲಸ್ವಾಮಿ ನಕ್ಕ.

“ನಿಮ್ಮಪ್ಪ ಇದರಾಗ ಮನಿ ಕಟ್ಟಿಸ್ಯಾನಲೇ. ಸುಮ್ಮನ ಕೋಲು ಕೊಡು. ತಗೊಂಡವ ಕೈ ಒತ್ತಬೇಕು. ಒತ್ತೋತನಕ ಕೊಟ್ಟವ ಬಿಡಬಾರ್ದು.”

ವರ್ತಕರ ಮಕ್ಕಳಿಗೆ ಬೇಗ ಬಂತು. ಜಂಬಪ್ಪನಿಗೆ ಬರಲಿಲ್ಲ. ಮರಿಬಸಪ್ಪ ಕೋಲು ಮುಟ್ಟಿಸಿದರೆ ಇವನು ತುದಿಯನ್ನಷ್ಟೇ ಹಿಡಿಯುತ್ತಿದ್ದ.

“ಯಾಕಲೇ, ಬೆರಳು ಸುಡ್ತೈತೇನು?” ಎಂದೆ.

“ಸಾವ್ಕಾರ್ರ ಮಗನ ಕೈ ಒತ್ತೋದು ಹೆಂಗ್ರಿ, ಧಣಿ?” ಎಂದ ತಲೆ ತಗ್ಗಿಸಿ.

ಮರಿಬಸಪ್ಪನೇ ಅವನ ಕೈ ಎಳೆದು ತನ್ನ ಕೈಯ ಮೇಲೆ ಇಟ್ಟುಕೊಂಡ. “ಒತ್ತಪ್ಪಾ. ಒತ್ತಲಿಲ್ಲಂದ್ರ ನಾ ಬಿಡೂದಿಲ್ಲ. ಇಬ್ರೂ ಒಂದ ಕೋಲು ಹಿಡ್ಕೊಂಡು ಓಡೂಣು, ಬಳ್ಳಾರಿಯವ್ರು ನಗಲಿ.”

ಜಂಬಪ್ಪ ಒತ್ತಿದ. ಬೇಲು ಹೊರುವ ಕೈ. “ಅಯ್ಯಯ್ಯೋ, ಬಿಡಲೇ!” ಎಂದು ಮರಿಬಸಪ್ಪ ಕಿರುಚಿದ. ಅಂದಿನಿಂದ ಕೋಲು ಬೀಳಲಿಲ್ಲ.

ಪಂದ್ಯದ ಸಂಜೆ ಬೆಟ್ಟದ ಬುಡದ ಮೈದಾನ ತುಂಬಿತ್ತು. ಬಳ್ಳಾರಿಯವರ ಕಾಲಲ್ಲಿ ಮೊಳೆ ಬೂಟು, ನಮ್ಮವರದು ಬರಿಗಾಲು. ನಮ್ಮ ಮೊದಲನೆಯವನು ಹಿಂದೆ ಬಿದ್ದ. ಆದರೆ ಹಾಲಸ್ವಾಮಿ ತಿರುಗಿ ನೋಡದೆಯೇ ಕೋಲು ಹಿಡಿದು ಹೊರಟ, ಅಂತರ ಅರ್ಧವಾಯಿತು. ಮರಿಬಸಪ್ಪನ ಕೈಗೆ ಬಂದಾಗ ಇನ್ನೂ ಕಡಿಮೆ. ಕೊನೆಯವನು ಜಂಬಪ್ಪ. ಮುಖ ಮುಂದೆ, ಕೈ ಹಿಂದೆ ಮಾಡಿ ಓಡತೊಡಗಿದ.

“ಹಿಂದ ನೋಡಲೇ! ವೆನಕ್ಕಿ ಚೂಡರಾ!” ಜನ ಕನ್ನಡ, ತೆಲುಗು ಎರಡರಲ್ಲೂ ಅದನ್ನೇ ಕೂಗಿದರು. ಅವನ ತಾಯಿ ಉಚ್ಚಮ್ಮ ಕೂಡ ಎದ್ದು ನಿಂತು, “ನೋಡೋ ನನ್ನಪ್ಪಾ, ನೋಡೋ!” ಎಂದು ಅಂಗಲಾಚಿದಳು.

ಬಳ್ಳಾರಿಯವನು ತಿರುಗಿ ನೋಡಿದ. ಜಂಬಪ್ಪ ನೋಡಲಿಲ್ಲ. ಅವನು ಒತ್ತಿದ್ದು ನನಗೆ ದೂರದಿಂದಲೇ ಕಂಡಿತು.

ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಹಿಂಡಿಗೆ ತೋಳ ಬಿದ್ದಾಗ ಓಡುವವನಂತೆ ಓಡಿದ. ಗೆಲುವಿನ ದಾರ ಎದೆಗೆ ಸುತ್ತಿಕೊಂಡರೂ ನಿಲ್ಲಲಿಲ್ಲ. ಮರಿಬಸಪ್ಪ ಹೋಗಿ ತಬ್ಬಿ ನಿಲ್ಲಿಸಬೇಕಾಯಿತು. ಪಂಚಾಕ್ಷರಯ್ಯನವರು ಕುರ್ಚಿ ಏರಿ ಕುಣಿಯುತ್ತಿದ್ದರು.

“ಏನ್ರಿ, ತಂಡ ಮುಚ್ಚೂಣೇನು?” ಎಂದೆ.

“ಸುಮ್ಕಿರ್ರಿ ನೀವು! ಆ ಹುಡುಗನ್ನ ಕರೀರಿ, ಮೆಂಬರ್ ಮಾಡೂಣು.”

ನಾನು ಕೈ ಮುಂದೆ ಚಾಚಿ ಅದರ ಮೇಲೆ ಟವೆಲ್ ಹಾಕಿದೆ. “ಹಂಗಾದ್ರ ಒತ್ರಿ.”

ಒತ್ತಿದರು.

ಗಳಿಸಿದ್ದು ಒಂದು ಬೆಳ್ಳಿ ಬಟ್ಟಲು, ಉಳಿದುಕೊಂಡ ಓಟದ ತಂಡ, ಮುಂದಿನ ಗೇಟಿನಿಂದ ಒಳಗೆ ಬರುವ ಒಬ್ಬ ಮೆಂಬರು. ಕಳೆದದ್ದು ನನ್ನ ಟವೆಲ್. ಉಚ್ಚಮ್ಮ ಅದರಲ್ಲಿ ಮಗನ ಬೆವರು ಒರೆಸಿ, ಹೆಗಲಿಗೆ ಹಾಕಿಕೊಂಡು ಊರಿಗೆ ಹೋದಳು.